‘ಬೇಡ’ ಅಂದ್ರೆ ಬೇಡ, ‘ಬೇಕು’ ಅಂದ್ರೆ ಬೇಕು!

ಚಳಿಗಾಲದಲ್ಲಿ ಫಿನ್‌ಲೆಂಡ್‌ನ ಗೆಳತಿ ಮನೆಗೆ ಹೊರಟಿದ್ದೀರಾ? ಸ್ವೆಟರ್ ಜೊತೆ ಇಷ್ಟು ತಿಳಿವಳಿಕೆಯೂ ಇರಲಿ.

ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಈಗ ಹೆಲ್ಸಿಂಕಿಯಲ್ಲೋ, ಪಕ್ಕದ ಎಸ್ಪೋದಲ್ಲೋ ಇದ್ದಾಳೆ. ‘ಡಿಸೆಂಬರ್‌ನಲ್ಲಿ ಬಾರೇ, ಹಿಮ ನೋಡುವಿಯಂತೆ’ ಅಂತ ವರ್ಷಗಳಿಂದ ಕರೀತಾನೇ ಇದ್ದಾಳೆ. ಈ ಸಲ ಮಕ್ಕಳ ಪರೀಕ್ಷೆ, ಅತ್ತೆಯ ಮಾತ್ರೆ, ಹಾಲಿನವನ ಲೆಕ್ಕ ಎಲ್ಲಾ ಹೊಂದಿಸಿ ಅಂತೂ ಇಂತೂ ಹೊರಟಿದ್ದೀರಿ. ಥರ್ಮಲ್, ಮಫ್ಲರ್, ಚಟ್ನಿಪುಡಿ ಎಲ್ಲಾ ರೆಡಿ. ಆದರೆ ಒಂದನ್ನು ಮಾತ್ರ ಪ್ಯಾಕ್ ಮಾಡಲು ಮರೆತಿರ್ತೀರಿ. ‘ನನಗೆ ಬೇಕು’ ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ!

ನಗಬೇಡಿ, ಅಲ್ಲಿ ಇದು ಬೂಟಿನಷ್ಟೇ ಮುಖ್ಯ.

ಒತ್ತಾಯವಿಲ್ಲದ ಉಪಚಾರ

ಗೆಳತಿಯ ಪಕ್ಕದ ಮನೆಯ ಫಿನ್ನಿಷ್ ಹೆಂಗಸು ನಿಮ್ಮನ್ನು ಕಾಫಿಗೆ ಕರೀತಾಳೆ ಅಂತಿಟ್ಟುಕೊಳ್ಳಿ. ನಮ್ಮಲ್ಲಾದರೆ ‘ಕಾಫಿ ತಗೊಳ್ಳಿ’ ಅಂದಕೂಡಲೇ ‘ಅಯ್ಯೋ ಬೇಡ, ಈಗಷ್ಟೇ ಆಯ್ತು’ ಅಂತೀವಿ. ಎರಡನೇ ಸಲ ಕೇಳಿದಾಗಲೂ ಬೇಡ. ಮೂರನೇ ಸಲಕ್ಕೆ ಲೋಟ ತಾನಾಗಿ ಕೈಗೆ ಬಂದಿರುತ್ತೆ. ಬೇಡ ಅನ್ನೋದು ನಮ್ಮ ಮರ್ಯಾದೆ, ಒತ್ತಾಯ ಮಾಡೋದು ಅವರ ಮರ್ಯಾದೆ.

ಅಲ್ಲಿ ಮೊದಲ ‘ಬೇಡ’ವೇ ಕೊನೆಯದು. ಅತಿಥಿ ಹೇಳಿದ್ದನ್ನು ನಂಬಬೇಕು, ಬಲವಂತ ಮಾಡಬಾರದು ಅನ್ನೋದು ಅವರ ಸಂಸ್ಕಾರ. ನೀವು ಸಂಕೋಚಪಟ್ಟು ಬೇಡ ಅಂದರೆ ಆಕೆ ಮೇಜಿನ ಮೇಲೆ ತಟ್ಟೆ ಇಟ್ಟು ಸುಮ್ಮನಾಗ್ತಾಳೆ. ನೀವು ಹಸಿದ ಹೊಟ್ಟೆಯಲ್ಲಿ ವಾಪಸ್ ಬಂದು ‘ಬಾಯಿಮಾತಿಗೂ ಇನ್ನೊಂದು ಸಲ ಕೇಳಲಿಲ್ಲ’ ಅಂತ ಬೇಸರಪಡ್ತೀರಿ. ಆಕೆಯೂ ‘ಪಾಪ, ನನ್ನ ಕೈಅಡುಗೆ ಇಷ್ಟವಾಗಲಿಲ್ಲವೇನೋ’ ಅಂತ ಕೊರಗಬಹುದು! ಇಬ್ಬರ ಮನಸ್ಸೂ ಒಳ್ಳೆಯದೇ, ಭಾಷೆ ಮಾತ್ರ ಬೇರೆ.

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವ ನಮಗೆ ‘ನಂದೇನು, ಏನಾದ್ರೂ ನಡೆಯುತ್ತೆ’ ಅನ್ನೋದು ರಕ್ತದಲ್ಲೇ ಬಂದುಬಿಟ್ಟಿದೆ. ಬೇಕಾದ್ದನ್ನು ಕೇಳೋದಕ್ಕೇ ನಾಚಿಕೆ. ಅಲ್ಲಿರುವಷ್ಟು ದಿನವಾದರೂ ಅದನ್ನು ಬದಿಗಿಡಿ. ‘ಹೌದು, ಇನ್ನರ್ಧ ಕಪ್ ಕೊಡಿ’ ಅಂದುನೋಡಿ. ಆಕೆಯ ಮುಖ ಅರಳುತ್ತೆ. ಕೊನೆಗೊಂದು ‘ಕೀಟೋಸ್’ ಸೇರಿಸಿ. ಹಾಗೆಂದರೆ ಧನ್ಯವಾದ.

ಕಾಫಿ ಜೊತೆ ಏಲಕ್ಕಿ ಘಮ

ಜಗತ್ತಿನಲ್ಲಿ ತಲಾವಾರು ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಫಿನ್‌ಲೆಂಡ್‌ನವರೂ ಇದ್ದಾರೆ. ಬೀಜವನ್ನು ಹಗುರವಾಗಿ ಹುರಿದ ತೆಳು ಕಾಫಿ ಅದು, ನಮ್ಮ ಫಿಲ್ಟರ್ ಡಿಕಾಕ್ಷನ್ ನೆನಪಿಸಿಕೊಂಡು ಮುಖ ಸಿಂಡರಿಸಬೇಡಿ. ಜೊತೆಗೆ ಬರುವ ‘ಪುಲ್ಲ’ ಎಂಬ ಸಿಹಿ ಬನ್ ಕಚ್ಚಿದರೆ ಮೂಗಿಗೆ ಬಡಿಯೋದು ನಮ್ಮದೇ ಏಲಕ್ಕಿ ಪರಿಮಳ! ಕ್ರಿಸ್‌ಮಸ್‌ಗೆ ದಾಲ್ಚಿನ್ನಿ ಉದುರಿಸಿದ ಅಕ್ಕಿ ಗಂಜಿ ಮಾಡ್ತಾರೆ, ಹೆಚ್ಚುಕಮ್ಮಿ ನಮ್ಮ ಅಕ್ಕಿ ಪಾಯಸದ ತಂಗಿ. ಅದರಲ್ಲೊಂದು ಬಾದಾಮಿ ಅಡಗಿಸಿಡ್ತಾರೆ. ಅದು ಸಿಕ್ಕವರೇ ಅದೃಷ್ಟವಂತರು.

ಸಸ್ಯಾಹಾರಿಗಳಾದರೆ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ಯಾರೂ ತಪ್ಪು ತಿಳಿಯೋದಿಲ್ಲ. ಗುರುವಾರದ ಬಟಾಣಿ ಸೂಪ್‌ನಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತೆ. ಪುಲ್ಲದಲ್ಲೂ ಮೊಟ್ಟೆ ಇರಬಹುದು. ‘ಮೊಟ್ಟೆ ಇದೆಯಾ, ಮಾಂಸ ಇದೆಯಾ’ ಅಂತ ಬಿಡಿಬಿಡಿಯಾಗಿ ಕೇಳಿ.

ಸೌನಾಕ್ಕೆ ಕರೆದರೆ?

ಇದು ಅವರು ಕೊಡುವ ದೊಡ್ಡ ಗೌರವ. ಸುಮಾರು 56 ಲಕ್ಷ ಜನರಿರುವ ಆ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ. 2020ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಬಿಸಿ ಕಲ್ಲಿನ ಮೇಲೆ ನೀರು ಚಿಮುಕಿಸಿದಾಗ ಏಳುವ ಹಬೆಯಲ್ಲಿ ಕೂರೋದು, ಅಷ್ಟೇ. ಕುಟುಂಬದವರನ್ನು ಬಿಟ್ಟರೆ ಸಾಮಾನ್ಯವಾಗಿ ಹೆಂಗಸರು, ಗಂಡಸರು ಬೇರೆಬೇರೆ. ಬಟ್ಟೆಯಿಲ್ಲದೆ ಕೂರುವ ರೂಢಿ ಅವರದ್ದು, ನೀವು ಟವೆಲ್ ಸುತ್ತಿಕೊಳ್ಳಲೇ ಅಂತ ಕೇಳಬಹುದು. ಮೊದಲ ಸಲ ಕೆಳಗಿನ ಮೆಟ್ಟಿಲಲ್ಲಿ ಕೂತುಕೊಳ್ಳಿ, ಅಲ್ಲಿ ಬಿಸಿ ಕಡಿಮೆ. ತಲೆ ಸುತ್ತಿದರೆ ಎದ್ದು ಬನ್ನಿ. ಹೃದಯದ ತೊಂದರೆ, ಬಿ.ಪಿ. ಇದ್ದವರು, ಗರ್ಭಿಣಿಯರು ಹೊರಡುವ ಮುನ್ನವೇ ಡಾಕ್ಟರನ್ನು ಕೇಳಿ. ಇಷ್ಟವಿಲ್ಲವಾ? ನಗುತ್ತಾ ಬೇಡ ಅನ್ನಿ. ನೆಪ ಹುಡುಕಬೇಕಿಲ್ಲ, ನಿಮ್ಮ ‘ಬೇಡ’ಕ್ಕೂ ಅಲ್ಲಿ ಬೆಲೆ ಇದೆ.

ಕತ್ತಲೆಯ ತಿಂಗಳು, ಗೆಳತಿಯ ಮನಸ್ಸು

ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯಲ್ಲಿ ಬೆಳಗಾಗೋದೇ ಒಂಬತ್ತೂವರೆ ಹೊತ್ತಿಗೆ, ಮೂರೂಕಾಲಿಗೆ ಸೂರ್ಯ ಮುಳುಗಿರ್ತಾನೆ. ಉತ್ತರದ ತುತ್ತತುದಿಯಲ್ಲಂತೂ ಸುಮಾರು 50 ದಿನ ಸೂರ್ಯ ಮೇಲೇಳೋದೇ ಇಲ್ಲ. ಬಿಸಿಲಿನ ನಾಡಿನಿಂದ ಹೋದವಳಿಗೆ ಈ ಕತ್ತಲೆ ಭಾರವೇ. ಫೋನಿನಲ್ಲಿ ‘ಚೆನ್ನಾಗಿದ್ದೀನಿ ಕಣೇ’ ಅನ್ನುವವಳು ಸಂಜೆಯಾದರೆ ಮಂಕಾಗಿ ಕೂರಬಹುದು. ಆಗ ‘ಎಂಥಾ ಊರಿಗೆ ಬಂದು ಸೇರಿದೆ ಮಾರಾಯ್ತಿ’ ಅಂತ ಮಾತ್ರ ಅನ್ನಬೇಡಿ. ಇರುವ ಅಷ್ಟಿಷ್ಟು ಬೆಳಕಿನಲ್ಲಿ ಅವಳನ್ನು ಹೊರಡಿಸಿಕೊಂಡು ಹಿಮದಲ್ಲಿ ಒಂದು ಸುತ್ತು ನಡೆದು ಬನ್ನಿ.

ಅಲ್ಲಿ ಕೆಲಸದವರು ಇರೋದು ಅಪರೂಪ. ಒಂದು ದಿನ ಅಡುಗೆಮನೆ ನಿಮ್ಮ ಪಾಲಿಗಿರಲಿ. ಸಿಂಕ್ ಮೇಲಿನ ಕಪಾಟು ತೆರೆದರೆ ಒಳಗೆ ತಂತಿಯ ಸ್ಟ್ಯಾಂಡ್ ಕಾಣುತ್ತೆ, ತೊಳೆದ ತಟ್ಟೆ ಅಲ್ಲಿಟ್ಟರೆ ಸಾಕು, ನೀರು ತಾನೇ ಸೋರಿ ಒಣಗುತ್ತೆ. 1940ರ ದಶಕದಲ್ಲಿ ಅದನ್ನು ಅಲ್ಲಿನ ಮನೆಮನೆಗೆ ಒಗ್ಗುವಂತೆ ರೂಪಿಸಿದವಳು ಮೈಜು ಗೆಬ್ಹಾರ್ಡ್ ಎಂಬ ಮಹಿಳೆ. ಪಾತ್ರೆ ಒರೆಸುವ ಕಷ್ಟ ಇನ್ಯಾರಿಗೆ ಗೊತ್ತಾಗಬೇಕು ಹೇಳಿ!

ನೆನಪಿಡಿ

* ಎರಡು ಗಂಟೆಗೆ ಕರೆದರೆ ಎರಡಕ್ಕೇ ಹೋಗಿ. ಹೇಳದೆ ಕೇಳದೆ ಯಾರ ಮನೆಗೂ ನುಗ್ಗಬೇಡಿ.
* ನಮ್ಮ ಹಾಗೇ ಬಾಗಿಲಲ್ಲೇ ಚಪ್ಪಲಿ, ಬೂಟು ಬಿಡ್ತಾರೆ. ದಪ್ಪ ಉಣ್ಣೆ ಕಾಲುಚೀಲ ಇರಲಿ.
* ಮಾತಿನ ನಡುವೆ ಮೌನವಾದರೆ ಕೋಪ ಅಂದುಕೊಳ್ಳಬೇಡಿ. ಅವರಿಗೆ ಅದು ಸಹಜ.
* ಕತ್ತಲಲ್ಲಿ ನಡೆಯುವಾಗ ಕೋಟಿಗೆ ರಿಫ್ಲೆಕ್ಟರ್ ತೂಗುಹಾಕಿಕೊಳ್ಳಿ. ಅಲ್ಲಿನ ಸಂಚಾರ ನಿಯಮವೇ ಹಾಗಿದೆ.
* ಮನೆಯೊಳಗೆ ಬೆಚ್ಚಗಿರುತ್ತೆ. ಒಂದೇ ದಪ್ಪ ಸ್ವೆಟರ್ ಬದಲು ಕಳಚಲು ಬರುವಂತೆ ಎರಡು ಮೂರು ಪದರ ಹಾಕಿ.
* ತುಪ್ಪ, ಖೋವಾ, ಹಸಿ ಕರಿಬೇವು ಒಯ್ಯಬೇಡಿ, ಕಸ್ಟಮ್ಸ್‌ನಲ್ಲಿ ಕಸದಬುಟ್ಟಿ ಸೇರಬಹುದು. ಚಿಕ್ಕಮಗಳೂರಿನ ಕಾಫಿಪುಡಿ ಒಳ್ಳೆಯ ಉಡುಗೊರೆ.
* ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ.

ಊರಿಗೆ ಮರಳಿದ ಮೇಲೂ ಒಂದು ಅಭ್ಯಾಸ ಉಳಿಸಿಕೊಳ್ಳಿ. ಸಂಜೆ ಯಾರಾದರೂ ‘ನಿನಗೂ ಕಾಫಿ ಬೇಕಾ?’ ಅಂದರೆ, ‘ಹ್ಞೂಂ, ಬೇಕು’ ಅಂದುಬಿಡಿ!