‘ಲೆಟ್ ಅಲೋನ್’ ಮತ್ತು ‘ಹಾಗಿರಲಿ’: ಒಂದು ಇಂಗ್ಲಿಷ್ ರಚನೆಯ ಬಳಕೆ ಹಾಗೂ ಅದರ ಕನ್ನಡ ಕ್ರಮ

ಇಂಗ್ಲಿಷಿನ ‘ಲೆಟ್ ಅಲೋನ್’ ಎಂಬ ಪದಗುಚ್ಛಕ್ಕೆ ಕನ್ನಡದಲ್ಲಿ ಸಮಾನ ರೂಪಗಳ ಕೊರತೆಯಿಲ್ಲ. ‘ಇರಲಿ’, ‘ಹಾಗಿರಲಿ’, ‘ಅತ್ತಿರಲಿ’, ‘ಒತ್ತಟ್ಟಿಗಿರಲಿ’, ‘ಬಿಡಿ’ ಇವುಗಳಲ್ಲಿ ಯಾವುದನ್ನು ಬಳಸಿದರೂ ಅರ್ಥ ಸರಿಹೊಂದುತ್ತದೆ. ಒಂದು ಸಂಗತಿಯನ್ನು ಅದರ ಪಾಡಿಗೆ ಬಿಟ್ಟುಬಿಡುವ ಭಾವದಿಂದಲೇ ಎರಡೂ ಭಾಷೆಗಳು ಈ ನುಡಿಗಟ್ಟನ್ನು ಕಟ್ಟಿಕೊಂಡಿವೆ. ಜರ್ಮನ್ ಭಾಷೆಯ ‘ಗೆಷ್ವೈಗೆ ಡೆನ್’ ಎಂಬುದು ‘ಮೌನವಾಗಿರು’ ಎಂಬ ಧಾತುವಿನಿಂದ ಬಂದಿದ್ದು, ಅದೂ ಈ ಭಾವದಿಂದ ಬಹಳ ದೂರದ್ದಲ್ಲ. ಆದರೆ ನಿಘಂಟಿನಲ್ಲಿ ಕಾಣುವ ಈ ಹೊಂದಾಣಿಕೆ ವಾಕ್ಯದ ಮಟ್ಟದಲ್ಲಿ ಉಳಿಯುವುದಿಲ್ಲ. ವಾಕ್ಯದೊಳಗೆ ಎರಡು ಸಂಗತಿಗಳು ಬರುವ ಕ್ರಮ ಇಂಗ್ಲಿಷಿನಲ್ಲಿ ಒಂದಾದರೆ ಕನ್ನಡದಲ್ಲಿ ಅದರ ವಿಲೋಮ. ಪ್ರಸ್ತುತ ಲೇಖನವು ಈ ಕ್ರಮಭೇದವನ್ನೂ ಅದರಿಂದ ಉಂಟಾಗುವ ಅರ್ಥಪಲ್ಲಟವನ್ನೂ ಪರಿಶೀಲಿಸುತ್ತದೆ.

(೧) ಹಿ ಕಾಂಟ್ ವಾಕ್, ಲೆಟ್ ಅಲೋನ್ ರನ್.

ಚಾರ್ಲ್ಸ್ ಫಿಲ್‌ಮೋರ್, ಪಾಲ್ ಕೇ ಮತ್ತು ಮೇರಿ ಕ್ಯಾಥರಿನ್ ಓ’ಕಾನರ್ ೧೯೮೮ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ಒಂದೇ ಪದಗುಚ್ಛವನ್ನು ಆಧಾರವಾಗಿಟ್ಟುಕೊಂಡಿತ್ತು. ಮುಂದೆ ‘ರಚನಾ ವ್ಯಾಕರಣ’ ಎಂದು ಹೆಸರಾದ ಚಿಂತನೆಗೆ ಅದು ಅಡಿಪಾಯ ಹಾಕಿದ ಬರಹಗಳಲ್ಲೊಂದು. ನುಡಿಗಟ್ಟುಗಳು ವ್ಯಾಕರಣದ ಅಂಚಿನಲ್ಲಿ ಬಿದ್ದಿರುವ ಅಪವಾದಗಳಲ್ಲ, ಅವುಗಳಿಗೂ ತಮ್ಮದೇ ಆದ ಖಚಿತ ನಿಯಮಗಳಿವೆ ಎಂಬುದು ಅದರ ವಾದ. ‘ಲೆಟ್ ಅಲೋನ್’ ಎರಡು ಸಂಗತಿಗಳನ್ನು ಬರಿದೇ ಜೋಡಿಸುವುದಿಲ್ಲ, ಅವೆರಡನ್ನೂ ಒಂದು ಶ್ರೇಣಿಯ ಮೇಲೆ ನಿಲ್ಲಿಸುತ್ತದೆ. ನಡೆಯುವುದು ಸುಲಭ, ಓಡುವುದು ಕಷ್ಟ. ಸುಲಭವಾದುದನ್ನೇ ನಿಷೇಧಿಸಿದ ಮೇಲೆ ಕಷ್ಟವಾದುದರ ನಿಷೇಧ ತಾನಾಗಿಯೇ ಸಿದ್ಧಿಸುತ್ತದೆ. ಹೀಗಾಗಿ (೧)ರ ಮೊದಲ ಭಾಗವೇ ಬಲವಾದ ಹೇಳಿಕೆ. ಎರಡನೆಯ ಭಾಗ ಅದರಿಂದ ಹೊರಡುವ ಫಲಿತ.

ಫಲಿತವನ್ನು ಬಾಯಿಬಿಟ್ಟು ಹೇಳುವ ಅಗತ್ಯವಾದರೂ ಏನು? ನಾಳಿನ ಪಂದ್ಯದಲ್ಲಿ ಅವನು ಓಡುತ್ತಾನೆಯೇ ಎಂದು ಒಬ್ಬರು ಕೇಳಿದ್ದಾರೆ ಎಂದಿಟ್ಟುಕೊಳ್ಳೋಣ. ಕೇಳಿದ್ದು ಓಟದ ವಿಚಾರ. ‘ಓಡಲಾರ’ ಎಂದಷ್ಟೇ ಹೇಳಿದರೆ ಪ್ರಶ್ನೆಗೆ ಉತ್ತರವಾಯಿತು, ಆದರೆ ತಿಳಿದುದರಲ್ಲಿ ಅರ್ಧ ಹೇಳದೆ ಉಳಿಯಿತು. ‘ನಡೆಯಲಾರ’ ಎಂದಷ್ಟೇ ಹೇಳಿದರೆ ತಿಳಿದುದೆಲ್ಲವನ್ನೂ ಹೇಳಿದಂತಾಯಿತು, ಆದರೆ ಕೇಳಿದ್ದನ್ನು ಬದಿಗೆ ಸರಿಸಿದಂತೆಯೂ ಆಯಿತು. ‘ಲೆಟ್ ಅಲೋನ್’ ಈ ಎರಡು ಒತ್ತಡಗಳನ್ನೂ ಒಂದೇ ವಾಕ್ಯದಲ್ಲಿ ತಣಿಸುತ್ತದೆ. ಇಂಗ್ಲಿಷ್ ವಕ್ತೃ ಬಲವಾದ ಮಾತನ್ನು ಮೊದಲು ಆಡಿ, ಕೇಳಿದ ವಿಷಯವನ್ನು ಆಮೇಲೆ ಮುಟ್ಟುತ್ತಾನೆ.

ಕನ್ನಡದ ವಕ್ತೃ ಇದನ್ನು ತಿರುಗಿಸುತ್ತಾನೆ.

(೨) ಓಡುವುದು ಹಾಗಿರಲಿ, ಅವನಿಗೆ ನಡೆಯಲೂ ಆಗುವುದಿಲ್ಲ.

ಕೇಳಿದ ವಿಷಯವನ್ನು ಮೊದಲು ಎತ್ತಿಕೊಂಡು, ಅದನ್ನು ಬದಿಗಿರಿಸಿ, ಬಲವಾದ ಮಾತನ್ನು ಕ್ರಿಯಾಪದದ ನಿಲುಗಡೆಯಲ್ಲಿ ಇಡುವುದು ಇಲ್ಲಿಯ ರೀತಿ. ಕ್ರಿಯಾಪದವು ಕೊನೆಗೆ ಬರುವ ಭಾಷೆಗಳಿಗೆ ಇದು ಒಗ್ಗುವ ಕ್ರಮವೆಂದು ತೋರುತ್ತದೆ. ಹಿಂದಿಯ ‘ದೌಡ್‌ನಾ ತೋ ದೂರ್, ವಹ್ ಚಲ್ ಭೀ ನಹೀಂ ಸಕ್ತಾ’ ಎಂಬ ವಾಕ್ಯವೂ ಜಪಾನಿನ ‘ದೊಕೊರೊಕಾ’ ರಚನೆಯೂ ಇದೇ ಹಾದಿಯವು.

ಕನ್ನಡ ರಚನೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ‘ನಡೆಯಲೂ’ ಎಂಬಲ್ಲಿನ ಊ-ಪ್ರತ್ಯಯ. ಇಂಗ್ಲಿಷಿನಲ್ಲಿ ಇದಕ್ಕೆ ಸಂವಾದಿಯಾದ ‘ಈವನ್’ ಐಚ್ಛಿಕ. (೧)ರಲ್ಲಿ ಅದಿಲ್ಲ, ಇದ್ದರೂ ತೊಂದರೆಯಿಲ್ಲ. ಕನ್ನಡದಲ್ಲಿ ಆ ಸ್ಥಾನ ಬರಿದಾಗಿರುವಂತಿಲ್ಲ. ‘ಓಡುವುದು ಹಾಗಿರಲಿ, ನಡೆಯಲು ಆಗುವುದಿಲ್ಲ’ ಎಂಬ ವಾಕ್ಯವನ್ನು ಕೇಳಿದವರಿಗೆ ವಕ್ತೃ ಓಟದ ವಿಷಯವನ್ನು ಕೈಬಿಟ್ಟು ಬೇರೊಂದಕ್ಕೆ ಹೊರಳಿದಂತೆ ಭಾಸವಾಗುತ್ತದೆ. ಶ್ರೇಣಿಯ ಭಾರವನ್ನು ಇಂಗ್ಲಿಷಿನಲ್ಲಿ ಪದಗುಚ್ಛವೇ ಹೊತ್ತರೆ, ಕನ್ನಡದಲ್ಲಿ ಅದು ‘ಹಾಗಿರಲಿ’ ಮತ್ತು ಊ-ಪ್ರತ್ಯಯಗಳ ನಡುವೆ ಹಂಚಿಹೋಗಿದೆ. ‘ಇರಲಿ’ ಒಂದಕ್ಕೇ ಈ ಭಾರ ಹೊರಿಸಲಾಗದು, ಏಕೆಂದರೆ ಅದಕ್ಕೆ ಬೇರೆ ಕೆಲಸವೂ ಇದೆ: ‘ಬಡವನಿರಲಿ, ಬಲ್ಲಿದನಿರಲಿ, ಎಲ್ಲರಿಗೂ ಒಂದೇ ನ್ಯಾಯ’ ಎಂಬಲ್ಲಿ ಶ್ರೇಣಿಯಿಲ್ಲ, ವಿಕಲ್ಪ ಮಾತ್ರವಿದೆ.

ಈ ಬಳಕೆಯಲ್ಲಿ ‘ಹಾಗಿರಲಿ’, ‘ಬಿಡಿ’ಗಳು ಪೂರ್ಣ ಕ್ರಿಯಾಪದಗಳಾಗಿ ಉಳಿದಿಲ್ಲ ಎಂಬುದಕ್ಕೆ ವಿಭಕ್ತಿಯೇ ಸಾಕ್ಷಿ.

(೩) ನೆರೆಯವರಿಂದ ಬಿಡಿ, ಮನೆಯವರಿಂದಲೂ ನೆರವು ದೊರೆಯಲಿಲ್ಲ.

‘ಬಿಡು’ ಧಾತು ತನ್ನ ಮೂಲಾರ್ಥದಲ್ಲಿ ಕರ್ಮವನ್ನು ಬೇಡುತ್ತದೆ. ‘ನೆರೆಯವರನ್ನು ಬಿಡಿ’ ಎಂದಾಗಬೇಕಿತ್ತು. ಹಾಗೂ ಹೇಳಬಹುದು. ಆದರೆ (೩)ರಲ್ಲಿರುವ ‘-ಇಂದ’ ಬಂದಿರುವುದು ‘ಬಿಡಿ’ಯ ಅಪೇಕ್ಷೆಯಿಂದಲ್ಲ, ಮುಂದೆ ಬರುವ ‘ದೊರೆಯಲಿಲ್ಲ’ ಎಂಬುದರ ಅಪೇಕ್ಷೆಯಿಂದ. ಅಂದರೆ ‘ಬಿಡಿ’ ಇಲ್ಲಿ ಸಂಬಂಧಸೂಚಕ ಅವ್ಯಯದಂತೆ ವರ್ತಿಸುತ್ತಿದೆ. ಇಂಗ್ಲಿಷಿನ ‘ಲೆಟ್’ ಕೂಡ (೧)ರಲ್ಲಿ ಯಾರಿಗೂ ಆಜ್ಞೆ ಮಾಡುತ್ತಿಲ್ಲ ಎಂಬುದನ್ನು ನೆನೆದರೆ, ಎರಡೂ ಭಾಷೆಗಳಲ್ಲಿ ನಡೆದಿರುವ ವ್ಯಾಕರಣೀಕರಣದ ಹೋಲಿಕೆ ಎದ್ದು ಕಾಣುತ್ತದೆ.

ಇನ್ನು ಕ್ರಮಭೇದದ ಪರಿಣಾಮ. ನಡೆಯುವುದು-ಓಡುವುದು, ಹತ್ತು ರೂಪಾಯಿ-ನೂರು ರೂಪಾಯಿ ಇಂಥ ಜೋಡಿಗಳಲ್ಲಿ ಅನುವಾದಕ ಕ್ರಮ ತಪ್ಪಿದರೂ ಓದುಗನ ಲೋಕಜ್ಞಾನ ಅದನ್ನು ತಿದ್ದಿಕೊಳ್ಳುತ್ತದೆ. ‘ಹತ್ತು ರೂಪಾಯಿ ಹಾಗಿರಲಿ, ನೂರು ರೂಪಾಯಿಯೂ ಇಲ್ಲ’ ಎಂಬುದು ನಗೆ ತರಿಸುತ್ತದೆಯೇ ಹೊರತು ದಾರಿ ತಪ್ಪಿಸುವುದಿಲ್ಲ. ಶ್ರೇಣಿ ಲೋಕಪ್ರಸಿದ್ಧವಲ್ಲದಿದ್ದಾಗ ಅಪಾಯ ಮೊದಲಾಗುತ್ತದೆ.

(೪) ತಮ್ಮನಿರಲಿ, ಅಣ್ಣನನ್ನೂ ನಾನು ಅಂದು ನೋಡಿಲ್ಲ.

ಇದು ಸಾಕ್ಷಿಯೊಬ್ಬರ ಹೇಳಿಕೆಯೆಂದು ಭಾವಿಸೋಣ. ಅಣ್ಣ, ತಮ್ಮ ಎಂಬ ಪದಗಳಲ್ಲಿ ಯಾವ ಶ್ರೇಣಿಯೂ ಇಲ್ಲ. ಶ್ರೇಣಿಯನ್ನು ಸೃಷ್ಟಿಸುವುದು ವಾಕ್ಯ. ಅಣ್ಣನು ಕಣ್ಣಿಗೆ ಬೀಳುವ ಸಂಭವ ಹೆಚ್ಚಾಗಿತ್ತು, ತಮ್ಮನದು ಕಡಿಮೆ ಎಂಬ ಹಿನ್ನೆಲೆ ಅದರಲ್ಲಿ ಅಡಗಿದೆ. ಕನ್ನಡದ ಕ್ರಮವನ್ನೇ ಉಳಿಸಿಕೊಂಡು ತಮ್ಮನನ್ನು ಮೊದಲಿಟ್ಟು, ‘ಲೆಟ್ ಅಲೋನ್’ ಆದ ಮೇಲೆ ಅಣ್ಣನನ್ನು ತಂದರೆ ನಿಷೇಧವೇನೋ ಹಾಗೆಯೇ ಉಳಿಯುತ್ತದೆ, ಇಬ್ಬರನ್ನೂ ನೋಡಿಲ್ಲ ಎಂಬುದು ಬದಲಾಗದು. ಆದರೆ ಯಾರು ಅಲ್ಲಿರಬಹುದಾಗಿತ್ತು ಎಂಬ ಸೂಚನೆ ತಲೆಕೆಳಗಾಗುತ್ತದೆ. ಕರ್ನಾಟಕದ ವಿಚಾರಣಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯವನ್ನು ಇಂಗ್ಲಿಷಿನಲ್ಲಿ ವ್ಯವಹರಿಸುವ ಉಚ್ಚ ನ್ಯಾಯಾಲಯಕ್ಕಾಗಿ ಅನುವಾದಿಸುವಾಗ ಇಂಥ ಸೂಚನೆ ಕ್ಷುಲ್ಲಕವಲ್ಲ. ಪದಕ್ಕೆ ಪದ ತಾಳೆನೋಡುವ ಪರಿಶೀಲಕನಿಗೆ ಈ ದೋಷ ಕಾಣಿಸುವುದೂ ಇಲ್ಲ, ಏಕೆಂದರೆ ಪ್ರತಿಯೊಂದು ಪದವೂ ಸರಿಯಾಗಿಯೇ ಇರುತ್ತದೆ.

ಇಂಗ್ಲಿಷಿನ ಕ್ರಮ ಕನ್ನಡಕ್ಕೆ ಪೂರ್ತಿ ಅಪರಿಚಿತವೆಂದು ಇದರಿಂದ ತಿಳಿಯಬಾರದು.

(೫) ನಿಲ್ಲಲೇ ಆಗದವನು ಇನ್ನು ಓಡುವುದೆಲ್ಲಿ?

ಇಲ್ಲಿ ಬಲವಾದ ಮಾತು ಮೊದಲು, ಫಲಿತ ಆಮೇಲೆ. ಆದರೆ ಫಲಿತ ಪ್ರಶ್ನೆಯ ರೂಪ ತಾಳಿದೆ, ಊ-ಪ್ರತ್ಯಯದ ಸ್ಥಾನಕ್ಕೆ ಅವಧಾರಣೆಯ ಏ-ಪ್ರತ್ಯಯ ಬಂದಿದೆ. ನಮ್ಮ ಶಾಸ್ತ್ರಪರಂಪರೆ ಬಲ್ಲವರಿಗೆ ಇದು ಕೈಮುತಿಕ ನ್ಯಾಯವೆಂದು ಕೂಡಲೇ ಹೊಳೆಯುತ್ತದೆ. ಆ ಹೆಸರು ಬಂದದ್ದೇ ‘ಕಿಮುತ’, ಅಂದರೆ ‘ಇನ್ನು ಅದರ ಮಾತೇನು’ ಎಂಬ ಸಂಸ್ಕೃತ ಪ್ರಯೋಗದಿಂದ. ಕಡುಬು ಕಟ್ಟಿದ್ದ ಕೋಲನ್ನೇ ಇಲಿ ತಿಂದಿತೆಂದ ಮೇಲೆ ಕಡುಬಿನ ಗತಿ ಹೇಳಬೇಕೆ ಎಂಬ ದಂಡಾಪೂಪ ನ್ಯಾಯವೂ ಇದೇ ಬಗೆಯದು. ‘ಲೆಟ್ ಅಲೋನ್’ ವಾಕ್ಯವನ್ನು ಅದರ ಕ್ರಮ ಕೆಡದಂತೆ ಕನ್ನಡಕ್ಕೆ ತರಲೇಬೇಕಾದ ಸಂದರ್ಭದಲ್ಲಿ ಅನುವಾದಕನಿಗೆ ನೆರವಾಗುವುದು ಈ ರಚನೆಯೇ. ಆದರೆ ಇದರ ದನಿ ವಾದದ್ದು, ತುಸು ಚುಚ್ಚುವಂಥದ್ದು. ಆಡಳಿತದ ವರದಿಗೆ ಒಪ್ಪದು.

ದಂಡಾಪೂಪದ ಉದಾಹರಣೆಯಲ್ಲಿ ನಿಷೇಧವಿಲ್ಲದಿರುವುದನ್ನೂ ಗಮನಿಸಬೇಕು. ‘ಮಕ್ಕಳು ಹಾಗಿರಲಿ, ದೊಡ್ಡವರೂ ಹೆದರಿದರು’ ಎಂಬ ವಾಕ್ಯ ಕನ್ನಡದಲ್ಲಿ ಸಹಜ. ಇಂಗ್ಲಿಷಿನ ‘ಲೆಟ್ ಅಲೋನ್’ ಸಾಮಾನ್ಯವಾಗಿ ನಿಷೇಧವನ್ನೋ ಅದರ ಛಾಯೆಯನ್ನೋ ಬಯಸುತ್ತದೆ: ‘ಟೂ ಟೈರ್ಡ್ ಟು ಸ್ಟ್ಯಾಂಡ್, ಲೆಟ್ ಅಲೋನ್ ವಾಕ್’ ಎಂಬಲ್ಲಿ ‘ಟೂ’ ಅಷ್ಟನ್ನು ಒದಗಿಸುತ್ತದೆ. ನಿಷೇಧರಹಿತ ಪ್ರಯೋಗಗಳು ಇಲ್ಲವೆಂದಲ್ಲ. ೧೯೮೮ರ ಲೇಖನವೇ ಅವನ್ನು ಗುರುತಿಸಿದೆ. ಆದರೂ ಅಂಥಲ್ಲಿ ‘ಟು ಸೇ ನಥಿಂಗ್ ಆಫ್’ ಎಂಬುದು ಹೆಚ್ಚು ನಿರಾತಂಕ. ‘ನಾಟ್ ಟು ಮೆನ್ಷನ್’ ಎಂಬುದನ್ನು ಮಾತ್ರ ಇವುಗಳ ಸಾಲಿಗೆ ಸೇರಿಸುವ ಮುನ್ನ ಯೋಚಿಸಬೇಕು. ಅದು ಒಂದರ ಮೇಲೊಂದು ಪೇರಿಸುತ್ತದೆ, ಶ್ರೇಣಿಯನ್ನು ಕಡ್ಡಾಯವಾಗಿ ಬಯಸುವುದಿಲ್ಲ. ಅದಕ್ಕೆ ‘ಅಲ್ಲದೆ’ ಸಾಕು.

ಭಾರತೀಯ ಇಂಗ್ಲಿಷಿನಲ್ಲಿ ‘ಲೀವ್ ಅಲೋನ್ ಎ ಹಂಡ್ರೆಡ್, ಐ ಡೋಂಟ್ ಹ್ಯಾವ್ ಈವನ್ ಟೆನ್’ ಎಂಬಂಥ ವಾಕ್ಯಗಳು ಆಗಾಗ ಕಿವಿಗೆ ಬೀಳುತ್ತವೆ. ಇವನ್ನು ತಪ್ಪೆಂದು ಕೆಂಪುಶಾಯಿಯಲ್ಲಿ ಗುರುತಿಸುವ ಅಧ್ಯಾಪಕರು ಇದ್ದಾರೆ. ಆದರೆ ಈ ವಾಕ್ಯದಲ್ಲಿ ‘ಬಿಡಿ’ಯೂ ಇದೆ, ಮುಂದಿಟ್ಟ ‘ನೂರು’ ಇದೆ, ಊ-ಪ್ರತ್ಯಯದ ಕೆಲಸಕ್ಕೆ ತಪ್ಪದೆ ನಿಂತ ‘ಈವನ್’ ಕೂಡ ಇದೆ. ಪದಗಳನ್ನು ಇಂಗ್ಲಿಷಿನಿಂದ ಪಡೆದು ಶ್ರೇಣಿಯನ್ನು ನಮ್ಮ ಭಾಷೆಗಳ ಕ್ರಮದಲ್ಲೇ ಇಳಿಯಬಿಟ್ಟ ರಚನೆಯಿದು.