ತಿಳಿನೀರಿನಲ್ಲಿ ಸತ್ತ ಮೀನು

ಕೊಳ್ಳೇಗಾಲದ ಶ್ರಾವಕ ಕುಟುಂಬವೊಂದರ ಹತ್ತು ವರ್ಷದ ಬಾಲಕ ಬೆಳಿಗ್ಗೆ ಎದ್ದವನೇ ನಡುಮನೆಯ ಗಾಜಿನ ತೊಟ್ಟಿಯ ಬಳಿಗೆ ಹೋದ. ಮೂರು ಗೋಲ್ಡ್‌ಫಿಷ್‌ಗಳಲ್ಲಿ ಎರಡು ಮಗುಚಿ ತೇಲುತ್ತಿದ್ದವು. ಮೂರನೆಯದು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಸತ್ತವುಗಳ ಮೈಮೇಲೆ ಗಾಯವಿಲ್ಲ, ಮಚ್ಚೆಯಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಎರಡು ದಿನಗಳ ಹಿಂದೆಯಷ್ಟೇ ಮನೆಯವರೆಲ್ಲ ಕೂಡಿ ತೊಟ್ಟಿಯನ್ನು ಬರಿದು ಮಾಡಿ, ಕಲ್ಲುಗಳನ್ನು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದು ಹೊಸ ನೀರು ತುಂಬಿದ್ದರು.

“ಅಜ್ಜಿ, ನಾನೇ ಕೊಂದೆನಾ?” ಎಂದು ಬಾಲಕ ಕೇಳಿದ. ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸದೆ ಬಳಸದ ಮನೆ ಅದು. ಇರುವೆಯ ಸಾಲನ್ನು ಕಂಡರೆ ಕಾಲು ಸರಿಸಿ ನಡೆಯುವ ಅಜ್ಜಿಗೆ ಉತ್ತರ ಹೇಳುವುದು ಸುಲಭವಾಗಲಿಲ್ಲ. ಪಂಚನಮಸ್ಕಾರ ಮಂತ್ರವನ್ನು ಪಠಿಸುತ್ತ ಆಕೆ ತೊಟ್ಟಿಯ ಮುಂದೆ ಕುಳಿತರು.

ಆ ಪ್ರಶ್ನೆ ಚಿಕ್ಕದಲ್ಲ. ಮೀನು ಪಂಚೇಂದ್ರಿಯ ತಿರ್ಯಂಚ ಜೀವಿ. ದಿಗಂಬರ ಪರಂಪರೆಯಲ್ಲಿ ಹದಿನೆಂಟನೆಯ ತೀರ್ಥಂಕರ ಅರನಾಥರ ಲಾಂಛನವೂ ಮೀನೇ. ಜಿನಮಾತೆ ಕಾಣುವ ಹದಿನಾರು ಸ್ವಪ್ನಗಳಲ್ಲಿ ಜೋಡಿ ಮೀನುಗಳಿವೆ. ಅಂಥ ಜೀವವೊಂದು ನಮ್ಮ ಮನೆಯಲ್ಲಿ, ನಮ್ಮ ಕೈಯ ಆರೈಕೆಯಲ್ಲಿದ್ದಾಗಲೇ ಸತ್ತರೆ ಅದನ್ನು ಏನೆಂದು ಕರೆಯಬೇಕು?

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ನಿಲ್ಲಿಸುತ್ತದೆ. ಅದಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆಯನ್ನು ರಚಿಸಿದವರು ಪೂಜ್ಯಪಾದರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಅವರ ತಪೋಭೂಮಿಯೆಂದು ಪರಂಪರೆ ನಂಬುತ್ತದೆ. ನೆಲವನ್ನು ನೋಡಿ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿಗೆ ಆಕಸ್ಮಿಕವಾಗಿ ಜೀವಿಯೊಂದು ಬಂದು ಸತ್ತರೂ ಆ ಮುನಿಗೆ ಅದರಿಂದ ಕರ್ಮಬಂಧವಿಲ್ಲವೆಂಬ ನಿದರ್ಶನವು ಆ ಟೀಕೆಯಲ್ಲಿದೆ. ಆದರೆ ಯತ್ನಾಚಾರವಿಲ್ಲದವನಿಗೆ ಜೀವಿ ಸಾಯಲಿ, ಬದುಕಲಿ, ಹಿಂಸೆ ತಪ್ಪಿದ್ದಲ್ಲ ಎಂಬುದು ಕುಂದಕುಂದಾಚಾರ್ಯರ ‘ಪ್ರವಚನಸಾರ’ದ ನಿಲುವು.

ಇಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಬಾಲಕನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ. ಆದ್ದರಿಂದ ಅವನನ್ನು ಕೊಲೆಗಾರನೆಂದು ಹಳಿಯುವುದು ಧರ್ಮವಲ್ಲ. ಆದರೆ “ನನಗೆ ಗೊತ್ತಿರಲಿಲ್ಲ” ಎಂಬ ಮಾತು ಹಿರಿಯರಿಗೆ ಪೂರ್ಣ ರಕ್ಷಣೆ ಕೊಡಲಾರದು. ಜೀವವನ್ನು ಮನೆಗೆ ತಂದವನಿಗೆ ಅದು ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯುವುದೇ ಮೊದಲ ಯತ್ನಾಚಾರ.

ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ವಿಷ, ಆದರೆ ಕಣ್ಣಿಗೆ ಕಾಣದು. ಫಿಲ್ಟರಿನಲ್ಲಿಯೂ ಕಲ್ಲುಗಳ ಮೇಲೂ ನೆಲೆಸಿದ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಎಲ್ಲವನ್ನೂ ಉಜ್ಜಿ ತೊಳೆದಾಗ ಈ ಸೂಕ್ಷ್ಮಾಣುಗಳು ನಾಶವಾಗುತ್ತವೆ. ನಲ್ಲಿಯ ನೀರಿನ ಕ್ಲೋರಿನ್ ಅವನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ನಾವು ಸೋಸುವ ಬಟ್ಟೆ ಸಣ್ಣ ಜೀವಿಗಳನ್ನು ತಡೆದೀತು, ಕ್ಲೋರಿನ್ನನ್ನು ತಡೆಯದು. ಆ ಮನೆಯಲ್ಲಿ ಸಾವಿಗೆ ಹೆಚ್ಚು ಸಂಭವನೀಯ ಕಾರಣ ಕೊಳೆಯಲ್ಲ, ಅತಿಯಾದ ಶುಚಿತ್ವ. ಸೊಳ್ಳೆಗೆ ಸಿಂಪಡಿಸಿದ ಔಷಧ, ಕರೆಂಟು ಹೋಗಿ ಗಾಳಿಯ ಪಂಪು ನಿಂತದ್ದು, ನೀರಿನ ತಾಪ ಥಟ್ಟನೆ ಬದಲಾದದ್ದು ಇವೂ ಹೀಗೆಯೇ ಗುರುತು ಬಿಡದೆ ಕೊಲ್ಲಬಲ್ಲವು. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ತೇಲಿದಾಗಲೂ ಮೀನಿನ ಮೈಮೇಲಲ್ಲ, ಕೊಳಚೆ ಸೇರಿ ಆಮ್ಲಜನಕ ಕುಸಿದ ನೀರಿನಲ್ಲಿ ಕಾರಣವನ್ನು ಹುಡುಕಬೇಕಾಯಿತು.

ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ಸ್ಪಷ್ಟ. ಸತ್ತ ಮೀನನ್ನು ತಡಮಾಡದೆ ತೆಗೆಯಬೇಕು, ಅದು ಕೊಳೆತರೆ ವಿಷ ಹೆಚ್ಚುತ್ತದೆ. ಗಾಳಿಯ ಪಂಪನ್ನು ನಡೆಸಬೇಕು. ಕ್ಲೋರಿನ್ ಹೋಗಲೆಂದು ತೆರೆದಿಟ್ಟ, ಅದೇ ತಾಪದ ನೀರಿನಿಂದ ಕಾಲು ಭಾಗವನ್ನಷ್ಟೇ ಬದಲಿಸಬೇಕು. ರೋಗವರಿಯದೆ ಔಷಧ ಸುರಿಯಬಾರದು. ಇನ್ನು ಮುಂದೆ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆಯಬೇಕು.

ಕನಿಕರದಿಂದ ಉಳಿದ ಮೀನನ್ನು ಕಾವೇರಿಗೆ ಬಿಡುವವರಿದ್ದಾರೆ. ಅದು ಅಭಯದಾನವಾಗದು. ಸಾಕಿದ ಮೀನು ಅಲ್ಲಿ ಸಾಯಬಹುದು, ಇಲ್ಲವೆ ರೋಗವನ್ನು ಹೊತ್ತೊಯ್ದು ಹೊಳೆಯ ಮೀನುಗಳಿಗೆ ಕೇಡು ತರಬಹುದು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ.

ಗೃಹಸ್ಥನ ಅಹಿಂಸಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಜೀವಿಯು ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ. ಗಾಜಿನ ತೊಟ್ಟಿಯ ಮುಂದೆ ನಿಂತು ಈ ಪಟ್ಟಿಯನ್ನು ಓದಿದರೆ ಮನಸ್ಸು ಅಳುಕದಿರದು. ತೊಟ್ಟಿಯಲ್ಲಿ ಹಿಡಿಸದಷ್ಟು ಮೀನುಗಳನ್ನು ತುಂಬುವುದು ಸಹ ಭಾರ ಹೇರುವುದರ ಇನ್ನೊಂದು ರೂಪವಲ್ಲವೇ? ಹಾಗಾದರೆ ಮೀನು ಸತ್ತದ್ದು ಹೇಗೆ ಎಂಬ ಪ್ರಶ್ನೆಯ ಹಿಂದೆ ಅದು ನಮ್ಮ ಮನೆಗೆ ಬಂದದ್ದೇಕೆ ಎಂಬ ಪ್ರಶ್ನೆಯೂ ಇದೆ.

959ರಲ್ಲಿ ಸೋಮದೇವಸೂರಿ ಪೂರ್ಣಗೊಳಿಸಿದ ‘ಯಶಸ್ತಿಲಕ’ದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲೆನೆಂದು ಅವನು ಮುನಿಯ ಬಳಿ ವ್ರತ ಹಿಡಿದ. ಮೊದಲ ಮೀನಿಗೆ ಬಟ್ಟೆಯ ಚೂರನ್ನು ಗುರುತಿಗೆ ಕಟ್ಟಿ ನೀರಿಗೆ ಬಿಟ್ಟ. ಅದೇ ಮೀನು ಮತ್ತೆ ಮತ್ತೆ ಸಿಕ್ಕಿತು, ಐದು ಬಾರಿಯೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದವನನ್ನು ಹೆಂಡತಿ ಒಳಗೆ ಸೇರಿಸಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಮರುಜನ್ಮದಲ್ಲಿ ಐದು ಬಾರಿ ಮೃತ್ಯುಮುಖದಿಂದ ಪಾರಾದ. ಮೀನು ಹಿಡಿದೇ ಬದುಕಬೇಕಾದವನೂ ಒಂದು ಜೀವಕ್ಕೆ ಕೊಟ್ಟ ಮಾತನ್ನು ಉಳಿಸಿಕೊಂಡ. ನಮಗಾದರೋ ಮೀನು ಜೀವನೋಪಾಯವಲ್ಲ, ಕಣ್ಣಿನ ಸಂತೋಷ ಮಾತ್ರ.

ಆ ಸಂಜೆ ಅಜ್ಜಿ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡು, “ನೀನು ಬೇಕೆಂದು ಕೊಲ್ಲಲಿಲ್ಲ ಮಗು. ನಾವು ದೊಡ್ಡವರು ತಿಳಿದುಕೊಳ್ಳಬೇಕಿತ್ತು, ತಿಳಿದುಕೊಳ್ಳಲಿಲ್ಲ. ಆ ತಪ್ಪು ನಮ್ಮದು” ಎಂದರು. ಸತ್ತ ಮೀನುಗಳನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂಳಿದರು. ಮನೆಮಂದಿ ಕೂಡಿ ಪ್ರತಿಕ್ರಮಣ ಮಾಡಿದರು. ಇನ್ನು ಹೊಸ ಮೀನು ತರುವುದಿಲ್ಲವೆಂದೂ ಉಳಿದ ಒಂದನ್ನು ಅದರ ಆಯುಷ್ಯ ಇರುವವರೆಗೆ ಕೈಬಿಡುವುದಿಲ್ಲವೆಂದೂ ನಿಶ್ಚಯಿಸಿದರು. ಗೋಲ್ಡ್‌ಫಿಷ್ ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಹುಡುಗನ ಪಾಲಿಗೆ ಅದು ದೀರ್ಘ ವ್ರತವೇ ಸರಿ. ಮರುದಿನಕ್ಕೆ ಬೇಕಾದ ನೀರನ್ನು ಆ ರಾತ್ರಿಯೇ ಅವನು ಬಕೆಟ್ಟಿನಲ್ಲಿ ತುಂಬಿ, ಮುಚ್ಚಳವಿಡದೆ ತೆರೆದಿಟ್ಟ.