ಮೊದಲ ದ್ರಾಕ್ಷಿಯ ಸುಗ್ಗಿ

ನಮ್ಮ ಆಲಂಕಾರಿಕರು ಕಾವ್ಯದ ಸವಿಯನ್ನು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕಗಳೆಂದು ವಿಂಗಡಿಸಿದರು. ಬಾಯಲ್ಲಿಟ್ಟೊಡನೆ ರಸವನ್ನು ಕೊಡುವುದು ದ್ರಾಕ್ಷಿ. ಸಿಪ್ಪೆಯನ್ನು ಸುಲಿದ ಮೇಲೆ ಸವಿಗೊಡುವುದು ಬಾಳೆ. ಒಡೆದು ಕೆರೆದು ತೆಗೆಯಬೇಕಾದುದು ತೆಂಗು. ತಿನ್ನುವವರ ಮಟ್ಟಿಗೆ ಈ ಮಾತು ದಿಟವೇ ಸರಿ. ಆದರೆ ಹೊಸದಾಗಿ ದ್ರಾಕ್ಷಿಯ ತೋಟವನ್ನು ಹಾಕಿದವನನ್ನು ಕೇಳಿದರೆ, ಅವನು ತನ್ನ ಬೆಳೆಯನ್ನು ನಾರಿಕೇಳಪಾಕಕ್ಕೇ ಸೇರಿಸಿಯಾನು. ಅದರಲ್ಲಿಯೂ ಹಣ್ಣನ್ನು ಸಂತೆಗೆ ಕಳುಹಿಸದೆ, ಅದರಿಂದ ವೈನನ್ನು ತಯಾರಿಸಿ ಮಾರಹೊರಟವನಿಗೆ ಕಷ್ಟವು ಇಮ್ಮಡಿ. ಬೆಳೆಯುವ ಕಷ್ಟ ಒಂದು, ಕೊಳ್ಳುವವರನ್ನು ದೊರಕಿಸುವ ಕಷ್ಟ ಇನ್ನೊಂದು.

ವೈನೆಂಬುದು ದ್ರಾಕ್ಷಾಮದ್ಯ. ಅದನ್ನು ಸೇವಿಸಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅದು ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ. ಆದರೆ ಈ ಬೆಳೆಯನ್ನು ನಂಬಿ ಬಾಳುವ ಒಕ್ಕಲು ಮನೆತನಗಳು ಮಹಾರಾಷ್ಟ್ರದಲ್ಲಿಯೂ ನಮ್ಮ ನಾಡಿನಲ್ಲಿಯೂ ಇರುವುದರಿಂದ, ಅವರ ಮೊದಲ ಸುಗ್ಗಿಯ ಸಂಗತಿಯನ್ನು ವಾಚಕರು ತಿಳಿದಿರುವುದು ಯೋಗ್ಯವಾಗಿದೆ.

ಗೋದಾವರೀತೀರದ ನಾಸಿಕವು ಪಂಚವಟಿಯ ಕಾರಣದಿಂದ ನಮಗೆಲ್ಲರಿಗೂ ಪರಿಚಿತವಾದ ಕ್ಷೇತ್ರ. ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿರುವ ಈ ಸೀಮೆಯಲ್ಲಿ ಚಳಿಗಾಲದ ಹಗಲು ಹಿತವಾದ ಬಿಸಿಲು, ಇರುಳು ಒಳ್ಳೆಯ ತಂಪು. ತಿನ್ನುವ ದ್ರಾಕ್ಷಿಯನ್ನು ಅಲ್ಲಿಯ ರೈತರು ಬಹುಕಾಲದಿಂದ ಬೆಳೆಯುತ್ತಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಕ್ಯಾಲಿಫೋರ್ನಿಯದಲ್ಲಿ ಒರೇಕಲ್ ಎಂಬ ಕಂಪೆನಿಯಲ್ಲಿ ಉದ್ಯೋಗದಲ್ಲಿದ್ದ ರಾಜೀವ ಸಾಮಂತರು 1990ರ ದಶಕದಲ್ಲಿ ಆ ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಮರಳಿ, ನಾಸಿಕದಲ್ಲಿದ್ದ ತಮ್ಮ ಮನೆತನದ ಭೂಮಿಯಲ್ಲಿ ವ್ಯವಸಾಯಕ್ಕೆ ತೊಡಗಿದರು. ಮಾವು, ಗುಲಾಬಿ, ತಿನ್ನುವ ದ್ರಾಕ್ಷಿ ಮೊದಲಾದವುಗಳನ್ನು ಬೆಳೆದು ನೋಡಿದರು. ದ್ರಾಕ್ಷಿಗೆ ಇಷ್ಟು ಒಪ್ಪುವ ನೆಲದಲ್ಲಿ ವೈನಿನ ತಳಿಗಳನ್ನೇಕೆ ಬೆಳೆಯಬಾರದೆಂಬ ಯೋಚನೆ ಅವರಿಗೆ ಹುಟ್ಟಿತು. ಕ್ಯಾಲಿಫೋರ್ನಿಯದ ಸೊನೋಮಾ ಪ್ರಾಂತದ ವೈನು ತಜ್ಞರಾದ ಕೆರಿ ಡ್ಯಾಮ್ಸ್ಕಿ ಎಂಬವರ ನೆರವನ್ನು ಪಡೆದು, 1997ರಲ್ಲಿ ಫ್ರಾನ್ಸ್ ಮೂಲದ ಸೊವಿನ್ಯೋನ್ ಬ್ಲಾಂ ಮತ್ತು ಶೆನಿನ್ ಬ್ಲಾಂ ಎಂಬ ಎರಡು ಬಿಳಿಯ ತಳಿಗಳನ್ನು ನೆಡಿಸಿದರು. ತಾಯಿಯ ಹೆಸರು ಸುಲಭಾ. ಅದರಿಂದಲೇ ತೋಟಕ್ಕೆ 'ಸುಲಾ' ಎಂಬ ಹೆಸರು ಬಂದಿತು.

ಬಳ್ಳಿಯನ್ನು ನೆಟ್ಟ ವರ್ಷವೇ ಫಲವನ್ನು ಬಯಸುವಂತಿಲ್ಲ. ಮೊದಲ ಎರಡು ವರ್ಷಗಳು ಬೇರೂರುವುದಕ್ಕೂ, ಕಾಂಡ ಬಲಿತು ತಂತಿಯ ಮೇಲೆ ಹರಡುವುದಕ್ಕೂ ಸಲ್ಲುತ್ತವೆ. ವೈನಿಗೆ ತಕ್ಕ ಫಸಲು ದೊರೆಯುವುದು ಸಾಮಾನ್ಯವಾಗಿ ಮೂರನೆಯ ವರ್ಷದಲ್ಲಿ. ಅಲ್ಲಿಯವರೆಗೆ ಕಂಬ, ತಂತಿ, ನೀರು, ಗೊಬ್ಬರ, ಕೂಲಿ ಎಲ್ಲವೂ ಖರ್ಚಿನ ಬಾಬು. ಆದಾಯದ ಪುಟ ಬರಿದು.

ಇದರ ಮೇಲೆ ನಮ್ಮ ಹವೆಯ ತೊಡಕು ಬೇರೆ. ಯೂರೋಪಿನಲ್ಲಿ ಚಳಿಗಾಲ ಬಂದೊಡನೆ ದ್ರಾಕ್ಷಿಯ ಬಳ್ಳಿಯು ಎಲೆಯನ್ನುದುರಿಸಿ ನಿದ್ರಿಸುತ್ತದೆ. ವಸಂತದಲ್ಲಿ ಎಚ್ಚತ್ತು ಶರತ್ಕಾಲದಲ್ಲಿ ಫಲ ಕೊಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ತೋಟಗಾರನು ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರಬೇಕು. ಏಪ್ರಿಲಿನ ಸುಮಾರಿಗೆ ಸವರುವುದು ಹೊಸ ರೆಂಬೆಗಳಿಗಾಗಿ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನ ಸುಮಾರಿಗೆ ಸವರುವುದು ಫಲಕ್ಕಾಗಿ. ಹೀಗೆ ಮಾಡಿದರೆ ಸುಗ್ಗಿಯು ಜನವರಿಯಿಂದ ಮಾರ್ಚಿಯೊಳಗೆ ಬರುತ್ತದೆ. ಹಣ್ಣು ಮಾಗುವಾಗ ಅಕಾಲದ ಮಳೆ ಬಿದ್ದರೆ ಕಾಯಿ ಬಿರಿದು ಬೂಷ್ಟು ಹಿಡಿಯುವುದು. ಒಂದು ವರ್ಷದ ದುಡಿಮೆ ಒಂದು ವಾರದಲ್ಲಿ ಹಾಳಾಗುವುದು.

ವೈನಿನ ದ್ರಾಕ್ಷಿಯನ್ನು ನೋಡಿದರೆ ಗೃಹಿಣಿಯರು ಮೂಗು ಮುರಿದಾರು. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಅದರ ಬೆಲೆ ಅಂದದಿಂದಲ್ಲ, ರಸದೊಳಗಿನ ಸಕ್ಕರೆ ಮತ್ತು ಹುಳಿಗಳ ಹೊಂದಾಣಿಕೆಯಿಂದ. ಸುಗ್ಗಿಯ ದಿನಗಳಲ್ಲಿ ತೋಟಗಾರನು ರಸದ ಹನಿಗಳನ್ನು ಒಂದು ಸಣ್ಣ ಯಂತ್ರದ ಗಾಜಿನ ಮೇಲೆ ಹಾಕಿ ಸಕ್ಕರೆಯನ್ನು ಅಳೆಯುತ್ತಾನೆ. ನಾಲ್ಕು ದಿನ ಮುಂಚೆ ಕೊಯ್ದರೆ ಹುಳಿ ಹೆಚ್ಚು. ನಾಲ್ಕು ದಿನ ತಡೆದರೆ ಹುಳಿಯಡಗಿ ವೈನು ಸಪ್ಪೆ. ಗೊತ್ತಾದ ದಿನ ಬಿಸಿಲೇರುವ ಮೊದಲೇ ಕೊಯ್ದು, ಹಣ್ಣು ತಂಪಾಗಿರುವಾಗಲೇ ಹಿಂಡಬೇಕು. ಬಳಿಕ ಉಕ್ಕಿನ ಕೊಪ್ಪರಿಗೆಗಳಲ್ಲಿ ಹುದುಗು ಅದರ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಈ ಕಾರ್ಯದಲ್ಲಿ ಶಾಖ ಹುಟ್ಟುವುದರಿಂದ, ಬಿಳಿಯ ವೈನಿನ ಕೊಪ್ಪರಿಗೆಯನ್ನು ಯಂತ್ರದಿಂದ ತಣ್ಣಗಿಡದಿದ್ದರೆ ಪರಿಮಳವೆಲ್ಲ ಹಾರಿಹೋಗುವುದು. ಒಂದು ಸೀಸೆ ವೈನಿಗೆ ಒಂದು ಕಿಲೋಗ್ರಾಮಿಗೂ ಮೇಲ್ಪಟ್ಟು ಹಣ್ಣು ಬೇಕು.

ಸುಲಾ ತೋಟದ ಮೊದಲ ವೈನು 2000ದಲ್ಲಿ ಮಾರಾಟಕ್ಕೆ ಬಂದಿತು. ನಿಜವಾದ ಪರೀಕ್ಷೆ ಆಮೇಲೆಯೇ ಆರಂಭವಾದುದು. ಮದ್ಯಪಾನ ಮಾಡುವ ನಮ್ಮ ಜನರಲ್ಲಿಯೂ ವಿಸ್ಕಿ, ರಮ್ಮುಗಳನ್ನು ಬಲ್ಲವರೇ ಹೆಚ್ಚು. ವೈನಿನ ರುಚಿಯನ್ನು ಬಲ್ಲವರು ವಿರಳ. ಬಿಳಿಯ ವೈನನ್ನು ತಂಪಿನಲ್ಲಿಡದೆ ಅಂಗಡಿಯ ಸೆಕೆಯಲ್ಲಿ ನಿಲ್ಲಿಸಿದರೆ ಅದು ಕೆಡುವುದು. ಕೊಂಡವನು ಅಂಗಡಿಯನ್ನಲ್ಲ, ತೋಟವನ್ನೇ ದೂಷಿಸುವನು. ಅಬಕಾರಿಯು ರಾಜ್ಯಗಳಿಗೆ ಸೇರಿದ ವಿಷಯವಾದುದರಿಂದ, ನೆರೆಯ ರಾಜ್ಯದಲ್ಲಿ ಮಾರಬೇಕಾದರೆ ಬೇರೆ ಅನುಮತಿ, ಬೇರೆ ಸುಂಕ. 2001ರಲ್ಲಿ ಮಹಾರಾಷ್ಟ್ರ ಸರ್ಕಾರವು ದ್ರಾಕ್ಷಿಯ ಸಂಸ್ಕರಣಕ್ಕೆ ಪ್ರೋತ್ಸಾಹ ಕೊಡುವ ನೀತಿಯನ್ನು ಹೊರಡಿಸಿದುದರಿಂದ ಈ ಭಾರ ಕೆಲಮಟ್ಟಿಗೆ ಇಳಿಯಿತು. ಸಾಮಂತರು ಕಂಡುಕೊಂಡ ಇನ್ನೊಂದು ಉಪಾಯವೆಂದರೆ, ಸೀಸೆಯನ್ನು ಕೊಳ್ಳುವವನ ಬಳಿಗೆ ಒಯ್ಯುವುದರ ಜೊತೆಗೆ ಕೊಳ್ಳುವವನನ್ನೇ ತೋಟಕ್ಕೆ ಕರೆತರುವುದು. 2005ರಲ್ಲಿ ಅಲ್ಲಿ ರುಚಿನೋಡುವ ಕೊಠಡಿಯನ್ನು ತೆರೆದರು. ಬಳ್ಳಿಯನ್ನು ಕಣ್ಣಾರೆ ಕಂಡವರು ಸೀಸೆಯನ್ನೂ ಕೊಂಡರು. ಆ ಸಂಸ್ಥೆಯು ಮುಂದೆ ದೇಶದ ವೈನು ತಯಾರಕರಲ್ಲಿ ಅಗ್ರಸ್ಥಾನಕ್ಕೆ ಬಂದು, 2022ರಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು.

ಗೆದ್ದವರ ಕಥೆ ಇದು. ಆದರೆ ಇದನ್ನು ಕಂಡು ಅದೇ ಸೀಮೆಯಲ್ಲಿ ವೈನಿನ ತಳಿಗಳನ್ನು ನೆಟ್ಟ ಸಣ್ಣ ರೈತರೆಲ್ಲರಿಗೂ ಅದೃಷ್ಟ ಒಲಿಯಲಿಲ್ಲ. 2008ರ ಅನಂತರ ವ್ಯಾಪಾರ ಕುಗ್ಗಿ, ಮುಂಬಯಿಯ ಮೇಲೆ ನಡೆದ ದಾಳಿಯಿಂದ ಪ್ರವಾಸಿಗರೂ ಹೋಟೆಲುಗಳ ವ್ಯವಹಾರವೂ ಕಡಮೆಯಾದುವು. ಕೊಪ್ಪರಿಗೆಗಳಲ್ಲಿ ಹಿಂದಿನ ವರ್ಷದ ವೈನೇ ಉಳಿದಿರಲು, ಹೊಸ ಹಣ್ಣನ್ನು ಕೊಳ್ಳುವವರು ಯಾರು? ತಿನ್ನುವ ದ್ರಾಕ್ಷಿಯಾಗಿದ್ದರೆ ಸಂತೆಗಾದರೂ ಒಯ್ಯಬಹುದಿತ್ತು; ಬೀಜದ ಸಣ್ಣ ಕಾಳನ್ನು ಸಂತೆಯಲ್ಲಿ ಕೇಳುವವರಿಲ್ಲ. ಮಕ್ಕಳಂತೆ ಸಾಕಿದ ಬಳ್ಳಿಗಳನ್ನು ಅನೇಕರು ತಮ್ಮ ಕೈಯಿಂದಲೇ ಕಿತ್ತುಹಾಕಬೇಕಾಯಿತು.

ನಮ್ಮ ನಾಡಿನ ರೈತರೂ ಇದನ್ನು ಲಕ್ಷ್ಯದಲ್ಲಿಡುವುದು ಅವಶ್ಯಕ. ನಾಸಿಕದ ಈ ಪ್ರಯತ್ನಕ್ಕಿಂತ ಮೊದಲೇ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ ಎಂಬವರು ಫ್ರಾನ್ಸಿನ ತಳಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 1988ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿ, 1992ರಲ್ಲಿ ತಮ್ಮ ವೈನನ್ನು ಹೊರತಂದಿದ್ದರು. ಕರ್ನಾಟಕ ಸರ್ಕಾರವು 2007ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ರೂಪಿಸಿತು. ಆದರೂ ಅದೇ ಸೀಮೆಯ ಸಾಮಾನ್ಯ ರೈತನಿಗೆ ಆಸರೆಯಾದುದು 2013ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ. ಅದನ್ನು ತಿನ್ನಲೂಬಹುದು, ಹಿಂಡಿ ಪಾನಕ ಮಾಡಲೂಬಹುದು, ವೈನಿಗೂ ಕೊಡಬಹುದು. ವಿಜಯಪುರದ ರೈತನಿಗೂ ಹಾಗೆಯೇ ಎರಡು ದಾರಿ: ಹಸಿಯ ಹಣ್ಣಿಗೆ ಬೆಲೆ ಬಾರದಿದ್ದರೆ ಒಣಗಿಸಿ ಒಣದ್ರಾಕ್ಷಿಯನ್ನು ಮಾಡುತ್ತಾನೆ. ವೈನಿನ ತಳಿಯನ್ನು ನೆಟ್ಟವನಿಗೆ ಇರುವುದು ಒಂದೇ ದಾರಿ.

ಆದುದರಿಂದ ಈ ತೋಟವನ್ನು ಹಾಕಬಯಸುವವರು ಮೊದಲು ವಿಚಾರಿಸತಕ್ಕದ್ದು ಮಣ್ಣನ್ನಲ್ಲ, ನೀರನ್ನಲ್ಲ, ಕೊಳ್ಳುವವರನ್ನು. ಹಣ್ಣನ್ನು ಯಾರು, ಎಷ್ಟು ವರ್ಷ, ಯಾವ ದರದಲ್ಲಿ ಕೊಳ್ಳುವರೆಂಬುದು ಕಾಗದದ ಮೇಲೆ ಬರೆಹವಾಗಿರಬೇಕು. ಇರುವ ಭೂಮಿಯೆಲ್ಲವನ್ನೂ ಒಂದೇ ತಳಿಗೆ ಒಪ್ಪಿಸದೆ, ಮನೆಯವರ ಅನ್ನಕ್ಕೆ ಬೇಕಾದಷ್ಟನ್ನು ಬೇರೆ ಬೆಳೆಗೆ ಉಳಿಸಿಕೊಳ್ಳಬೇಕು. ಮೂರು ವರ್ಷ ಫಲವಿಲ್ಲದೆ ಸಂಸಾರ ಸಾಗೀತೇ ಎಂಬುದನ್ನು ಮನೆಯ ಯಜಮಾನಿಯೊಡನೆ ಕುಳಿತು ಲೆಕ್ಕ ಹಾಕಿದ ಮೇಲೆಯೇ ಗುಂಡಿ ತೋಡುವುದು ವಿವೇಕ.